ಯೀಸ್ಟ್ ವಿಭಜನೆಯ ಪರೀಕ್ಷೆಗೆ ಟ್ಯುನಿಕಾಮೈಸಿನ್ ಒಳಿತೋ, ಎಎಲ್‌ಜಿ1 ರೂಪಾಂತರಿ ಒಳಿತೋ?

ಪ್ರೋಟೀನುಗಳಿಗೆ ಸಕ್ಕರೆಯ ಸರಪಳಿ ಅಂಟದಿದ್ದರೆ ಬೇಕರಿ ಯೀಸ್ಟ್ ಹೊಸ ಮೊಗ್ಗು ತೆಗೆಯದೆ ಜಿ1 ಹಂತದಲ್ಲೇ, ಅಂದರೆ ಡಿಎನ್‌ಎ ನಕಲಾಗುವ ಮುಂಚಿನ ಹಂತದಲ್ಲೇ, ನಿಲ್ಲುತ್ತದೆ. ಇದನ್ನು ಕಣ್ಣಾರೆ ನೋಡಲು ನಾನು ಎರಡು ದಾರಿಗಳನ್ನು ಪ್ರಯತ್ನಿಸಿದ್ದೇನೆ. ಡಾಲಿಕಾಲ್ ಎಂಬ ಕೊಬ್ಬಿನ ಅಣುವಿನ ಮೇಲೆ ಹದಿನಾಲ್ಕು ಸಕ್ಕರೆಗಳ ಸರಪಳಿ ಸಿದ್ಧವಾಗುವಾಗ ಟ್ಯುನಿಕಾಮೈಸಿನ್ ಎಂಬ ಔಷಧ ಮೊದಲ ಸಕ್ಕರೆಯನ್ನೇ ತಡೆಯುತ್ತದೆ. ಎಎಲ್‌ಜಿ1 ಕಿಣ್ವ ಕೆಟ್ಟ ರೂಪಾಂತರಿಯಲ್ಲಿ, ಅಂದರೆ ಜೀನ್ ಬದಲಾದ ತಳಿಯಲ್ಲಿ, ಮೂರನೆಯ ಸಕ್ಕರೆಯಾದ ಮೊದಲ ಮ್ಯಾನೋಸ್ ಸೇರುವುದಿಲ್ಲ.

ಟ್ಯುನಿಕಾಮೈಸಿನ್ನಿನ ದೊಡ್ಡ ಅನುಕೂಲವೆಂದರೆ ಯಾವ ತಳಿಗೂ ಅದನ್ನು ಹಾಕಬಹುದು, ಪ್ರಮಾಣವನ್ನು ಏರಿಸಿ ಇಳಿಸಬಹುದು. ಆದರೆ ಅದನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸುವುದರಿಂದ ಬರಿ ಡಿಎಂಎಸ್‌ಒ ಹಾಕಿದ ಜೋಡಿ ಫ್ಲಾಸ್ಕ್ ಇರಲೇಬೇಕು. ಮಿಲಿಲೀಟರಿಗೆ 2 ಮೈಕ್ರೋಗ್ರಾಂ ಹಾಕಿದ ಫ್ಲಾಸ್ಕಿನಲ್ಲಿ ಮೊಗ್ಗಿಲ್ಲದ ಕೋಶಗಳು ಹೆಚ್ಚುತ್ತಾ ಹೋದರೂ, ಕೆಲವು ದೊಡ್ಡ ಮೊಗ್ಗಿನೊಡನೆಯೇ ಉಳಿದವು. ಕ್ಯಾಲ್ಕೋಫ್ಲೋರ್ ಬಣ್ಣದಲ್ಲಿ ತಾಯಿ ಮತ್ತು ಮೊಗ್ಗಿನ ನಡುವಿನ ಕೈಟಿನ್ ಎಂಬ ಗಟ್ಟಿ ವಸ್ತುವಿನ ಉಂಗುರ ನೀಲಿಯಾಗಿ ಹೊಳೆಯುತ್ತಿತ್ತು. ಔಷಧವನ್ನು ತೊಳೆದ ಮೇಲೂ ಬೆಳವಣಿಗೆ ನಿಧಾನವಾಗಿಯೇ ಮರಳಿತು.

ರೂಪಾಂತರಿಯ ಕಿಣ್ವ ಬಿಸಿಯಲ್ಲಷ್ಟೇ ಕೆಡುವುದರಿಂದ ಅದನ್ನು 25 ಡಿಗ್ರಿಯಲ್ಲಿ ಬೆಳೆಸಿ 37 ಡಿಗ್ರಿಗೆ ಏರಿಸಿದರೆ ಸಾಕು, ಬೇರೇನೂ ಸೇರಿಸಬೇಕಾಗಿಲ್ಲ. ಸುಮಾರು ಮೂರು ಗಂಟೆಯಲ್ಲಿ ಹೆಚ್ಚಿನ ಕೋಶಗಳು ಒಂಟಿಯಾಗಿ, ದುಂಡಗೆ ನಿಂತವು. ಮತ್ತೆ 25 ಡಿಗ್ರಿಗೆ ಇಳಿಸಿದಾಗ ಅದೇ ಕೋಶಗಳ ಮೈಯಲ್ಲಿ ಚುಕ್ಕಿಯಷ್ಟು ಮೊಗ್ಗು ಮೂಡುವುದನ್ನು ಕಾಣುವುದು ನನಗೆ ಇಂದಿಗೂ ರೋಮಾಂಚನದ ಗಳಿಗೆ. ಒಂದು ತೊಡಕಿದೆ: ಶಾಖ ತಾಗಿದೊಡನೆ ಸಾಮಾನ್ಯ ಯೀಸ್ಟ್ ಕೂಡ ತುಸು ಹೊತ್ತು ಜಿ1ನಲ್ಲಿ ತಡೆದು ಮುಂದುವರಿಯುತ್ತದೆ. ಆರಂಭದ ಒಂದು ಪ್ರಯೋಗದಲ್ಲಿ ನಾನು ಸಾಮಾನ್ಯ ತಳಿಯನ್ನು ಜೊತೆಗಿಡದೆ, ಆ ತಡೆಯನ್ನೇ ಸಕ್ಕರೆಯ ಕೊರತೆಯೆಂದು ಭ್ರಮಿಸಿ ಒಂದು ವಾರ ಕಳೆದುಕೊಂಡೆ.

ಮೊಗ್ಗು ಮೂಡುವ ಕ್ಷಣವನ್ನೇ ಹಿಡಿಯಬೇಕಿದ್ದರೆ ನನ್ನ ಆಯ್ಕೆ ರೂಪಾಂತರಿಯೇ. ಹಲವು ತಳಿಗಳನ್ನು ಒಟ್ಟಿಗೆ ಹೋಲಿಸುವಾಗ ಮಾತ್ರ ಟ್ಯುನಿಕಾಮೈಸಿನ್. ಎರಡರಲ್ಲೂ ಕೋಶದೊಳಗೆ ಸರಿಯಾಗಿ ಮಡಚದ ಪ್ರೋಟೀನುಗಳು ಕೂಡಿಬಿದ್ದು ಒತ್ತಡ ಹುಟ್ಟುವುದರಿಂದ, ವಿಭಜನೆ ನಿಂತದ್ದು ನೇರವಾಗಿ ಸಕ್ಕರೆಯ ಅಭಾವದಿಂದಲೋ ಆ ಒತ್ತಡದಿಂದಲೋ ಎಂಬುದನ್ನು ಈ ಯಾವ ದಾರಿಯೂ ಬೇರ್ಪಡಿಸಿ ಹೇಳುವುದಿಲ್ಲ. ಮೊಗ್ಗಿಲ್ಲದ ಕೋಶಗಳ ಎಣಿಕೆಗೆ ಮುನ್ನ, ನಾಲ್ಕು ಸರಪಳಿ ಹೊರುವ ಕಾರ್ಬಾಕ್ಸಿಪೆಪ್ಟಿಡೇಸ್ ವೈ ಪ್ರೋಟೀನನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ಲಿನಲ್ಲಿ ಓಡಿಸಿ, ಸರಪಳಿ ಕಡಿಮೆಯಾದಂತೆ ಅದರ ಪಟ್ಟಿ ಮೆಟ್ಟಿಲುಮೆಟ್ಟಿಲಾಗಿ ಕೆಳಗಿಳಿದಿದೆಯೇ ಎಂದು ನೋಡಿಯೇ ನಾನು ಸೂಕ್ಷ್ಮದರ್ಶಕದ ಮುಂದೆ ಕೂರುತ್ತೇನೆ.