ಹೆಸರು ಗೊತ್ತಿಲ್ಲದ ಇಲಿ ಪಾಷಾಣವನ್ನು ಮನೆಯೊಳಗೆ ಇಡಿಸಬೇಡಿ

ನಮ್ಮಣ್ಣನ ಮಗುವಿಗೆ ಎರಡು ವರ್ಷ. ಹೋದ ತಿಂಗಳು ಒಂದು ಭಾನುವಾರ ಅದು ಅಕ್ಕಿ ಮೂಟೆಗಳ ಹಿಂದಿನಿಂದ ನೀಲಿ ಬಿಲ್ಲೆಯೊಂದನ್ನು ಹಿಡಿದುಕೊಂಡು ಬಂತು. ಬಾಯಿ ಸುತ್ತ ನೀಲಿ ಪುಡಿ. ಅತ್ತಿಗೆ ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಪಕ್ಕದವರು ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ ಅಂದರು. ಪುಣ್ಯಕ್ಕೆ ಕುಡಿಸಲಿಲ್ಲ, ಆಟೋ ಹತ್ತಿದೆವು. ಅದು ಅಪಾಯ, ಹಾಗೆ ಮಾಡಲೇಬಾರದು ಅಂತ ಡಾಕ್ಟರ್ ಆಮೇಲೆ ಹೇಳಿದರು.

ಅವರು ಕೇಳಿದ ಮೊದಲ ಪ್ರಶ್ನೆ, "ಯಾವ ಪಾಷಾಣ? ಪ್ಯಾಕೆಟ್ ತಂದಿದ್ದೀರಾ?"

ನಮಗೆ ಗೊತ್ತಿರಲಿಲ್ಲ.

ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮದು ಕೆಳಗೆ ದಿನಸಿ ಅಂಗಡಿ, ಮೇಲೆ ಮನೆ. ಮಳೆ ಶುರುವಾಗಿ, ಮುಂದಿನ ಮೋರಿ ಅಗೆದ ಮೇಲೆ ಇಲಿ ಕಾಟ ಜಾಸ್ತಿಯಾಯಿತು. ಬೇಳೆ ಚೀಲದ ಮೂಲೆ ಕಡಿದಿರುತ್ತಿತ್ತು. ಸಜ್ಜೆಯ ಮೇಲೆ ಕಪ್ಪು ಹಿಕ್ಕೆ. ಗೋಡೆಯ ಬುಡದಲ್ಲಿ ಎಣ್ಣೆ ಸವರಿದಂಥ ಗೆರೆ. ಇಲಿ ದಿನಾ ಒಂದೇ ದಾರಿಯಲ್ಲಿ ಗೋಡೆಗೆ ಮೈ ಉಜ್ಜಿಕೊಂಡು ಓಡಾಡುವುದರಿಂದ ಆ ಗೆರೆ ಬೀಳುತ್ತದೆ. ಇದೆಲ್ಲ ಕಂಡರೂ ಎರಡು ತಿಂಗಳು ಸುಮ್ನೆ ಇದ್ದೆವು. ತಪ್ಪು ನಮ್ಮದೇ.

ಕೊನೆಗೆ ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿ ಒಬ್ಬನನ್ನು ಕರೆಸಿದೆವು. ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ. ಒಂದು ಬಿಲವನ್ನೂ ನೋಡಲಿಲ್ಲ. "ಸ್ಟ್ರಾಂಗ್ ಔಷಧಿ ಸರ್, ಏನೂ ಯೋಚನೆ ಮಾಡಬೇಡಿ" ಅಂದ. 2,500 ರೂಪಾಯಿ ತಗೊಂಡ, ಬಿಲ್ ಕೊಡಲಿಲ್ಲ. ಎಷ್ಟು ಬಿಲ್ಲೆ, ಎಲ್ಲೆಲ್ಲಿ ಅಂತಲೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಆಸ್ಪತ್ರೆಯಿಂದ ಫೋನ್ ಮಾಡಿದರೆ ಅವನದು ಸ್ವಿಚ್ ಆಫ್. ಅಮ್ಮ ಮನೆಯಲ್ಲಿ ಒಣ ಕಸದ ಚೀಲವನ್ನು ನೆಲಕ್ಕೆ ಸುರಿದು ಹುಡುಕಿದರು. ಆ ವಾರ ಒಣ ಕಸದ ಗಾಡಿ ಬಂದಿರಲಿಲ್ಲ, ಹಾಗಾಗಿ ಹರಿದ ಕವರ್ ಸಿಕ್ಕಿತು. ಬ್ರೋಮಾಡಿಯೋಲೋನ್. ಇದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಿಷ, ಕೂಡಲೇ ಏನೂ ತೋರುವುದಿಲ್ಲ. ಎರಡು ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಬೇಕು. ಬೇಕಾದರೆ ವಿಟಮಿನ್ ಕೆ ಕೊಟ್ಟು ವಾಸಿ ಮಾಡಬಹುದು. ಮಗು ನುಂಗಿದ್ದು ತೀರಾ ಸ್ವಲ್ಪ, ರಿಪೋರ್ಟ್ ಸರಿಯಾಗೇ ಬಂತು. ಆ ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅದೇ ಹಳದಿ ರಂಜಕ (ಫಾಸ್ಫರಸ್) ಇರುವ ಇಲಿ ಪೇಸ್ಟ್ ಆಗಿದ್ದರೆ? ಅದಕ್ಕೆ ಪ್ರತಿಮದ್ದಿಲ್ಲ. ತಿಂದವರು ಒಂದೆರಡು ದಿನ ಚೆನ್ನಾಗೇ ಕಾಣಬಹುದು, ಆಮೇಲೆ ಲಿವರ್ ಕೈಕೊಡುತ್ತದೆ. ಹೆಸರು ಗೊತ್ತಿರಬೇಕು ಅನ್ನುವುದು ಇದಕ್ಕೇ. ಅಪಾಯಕ್ಕೆ ತಿನ್ನಲೇಬೇಕು ಅಂತಲೂ ಇಲ್ಲ. 2024ರ ಆಗಸ್ಟ್‌ನಲ್ಲಿ ನಮ್ಮ ಜ್ಞಾನಭಾರತಿ ಕಡೆಯ ಹಾಸ್ಟೆಲೊಂದರಲ್ಲಿ ಇಲಿ ಔಷಧಿ ಹೊಡೆದು, ಉಸಿರಾಡಲು ಕಷ್ಟವಾಗಿ 19 ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದ್ದರು.

ಇಷ್ಟಾಗಿಯೂ ಇಲಿ ಹೋಗಲಿಲ್ಲ. ಒಂದು ಇಲಿ ಸಜ್ಜೆಯ ಸಂದಿಯಲ್ಲಿ ಸತ್ತು ವಾರವಿಡೀ ನಾತ. ಮೂರು ವಾರಕ್ಕೆ ಬೇರೆ ಇಲಿಗಳು ಬಂದವು. ಬಿಲ ಹಾಗೇ ಇತ್ತಲ್ವಾ?

ಗಾರೆ ಮೇಸ್ತ್ರಿಯನ್ನು ಕರೆಸಿದ ಮೇಲೆಯೇ ಹತೋಟಿಗೆ ಬಂದದ್ದು. ಹೆಬ್ಬೆರಳು ತೂರುವ ಸಂದಿ ದೊಡ್ಡ ಇಲಿಗೆ ಸಾಕು, ಚಿಕ್ಕ ಜಾತಿಯ ಇಲಿಗೆ ಪೆನ್ಸಿಲ್ ತೂರಿದರೂ ಸಾಕು. ಪೈಪ್ ಒಳಬರುವ ಕಡೆಯೆಲ್ಲ ಪಾತ್ರೆ ಉಜ್ಜುವಂಥ ಸ್ಟೀಲ್ ನಾರು ತುರುಕಿ ಸಿಮೆಂಟ್ ಹಾಕಿಸಿದೆವು. ಬಚ್ಚಲ ತೂಬಿಗೆ ಜಾಲರಿ, ಶಟರ್ ಕೆಳಗೆ ತಗಡಿನ ಪಟ್ಟಿ ಹಾಕಿಸಿದೆವು. ಮೂಟೆಗಳು ಈಗ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇವೆ. ಒಳಗೆ ಉಳಿದವಕ್ಕೆ ಬೋನು. ಹೊಸ ವಸ್ತು ಕಂಡರೆ ಇಲಿ ಅನುಮಾನ ಪಡುತ್ತದೆ. ಅದಕ್ಕೇ ಮೂರ್ನಾಲ್ಕು ರಾತ್ರಿ ಬಾಗಿಲು ಬೀಳದ ಹಾಗೆ ಕಟ್ಟಿ, ಗೋಡೆಗೆ ಒತ್ತಿ, ಸುಟ್ಟ ಕೊಬ್ಬರಿ ಇಟ್ಟೆವು. ಆಮೇಲೆ ಬಿದ್ದವು. ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸಬೇಡಿ. ಬ್ಲೀಚಿಂಗ್ ನೀರು ಚಿಮುಕಿಸಿ, ಗ್ಲೌಸ್ ಹಾಕಿ ಒರೆಸಿ. ಇಲಿ ಉಚ್ಚೆಯಿಂದ ಇಲಿ ಜ್ವರ ಬರಬಹುದು.

ಪಾಷಾಣ ಇಡಿಸಲೇಬೇಕಾದರೆ ಬೀಗ ಹಾಕುವ ಡಬ್ಬಿಯೊಳಗೇ ಇಡಿಸಿ. ಪ್ಯಾಕೆಟ್ಟಿನ ಫೋಟೋ ತೆಗೆದಿಟ್ಟುಕೊಳ್ಳಿ. ಎಷ್ಟು ಇಟ್ಟರು ಅಂತ ಬರೆಸಿಕೊಳ್ಳಿ. ನಾವು ಆಮೇಲೆ ಮೂಟೆಗಳನ್ನೆಲ್ಲ ಸರಿಸಿ ಹುಡುಕಿದಾಗ ಹನ್ನೊಂದು ಬಿಲ್ಲೆ ಸಿಕ್ಕವು. ಅಷ್ಟೇನಾ, ಇನ್ನೂ ಇವೆಯಾ ಅಂತ ಹೇಳುವವರಿಲ್ಲ. ಅತ್ತಿಗೆ ಇವತ್ತಿಗೂ ಮಗುವನ್ನು ಅಂಗಡಿಯಲ್ಲಿ ಕೆಳಗೆ ಬಿಡುವುದಿಲ್ಲ.