ಕೆಂಗಣ್ಣಿಗೆ ಪನ್ನೀರು ಬಿಡುವ ಮುಂಚೆ ಇದನ್ನು ಓದಿ

ಮಳೆಗಾಲದಲ್ಲಿ ಉಡುಪಿ, ಮಂಗಳೂರು ಕಡೆ ಒಬ್ಬರಿಗೆ ಕೆಂಗಣ್ಣು ಬಂದರೆ ಮನೆಮಂದಿಗೆಲ್ಲ ಬರುತ್ತದೆ. ಉಡುಪಿಯ ಪರಿಚಿತರ ಮನೆಯಲ್ಲಿ ಎಂಟು ವರ್ಷದ ಹುಡುಗಿಗೆ ಹೀಗಾದಾಗ, ಫ್ಯಾನ್ಸಿ ಅಂಗಡಿಯಿಂದ ತಂದ ಪನ್ನೀರನ್ನು ಎರಡೆರಡು ಹನಿ ಬಿಟ್ಟರು. ಬಿಟ್ಟ ಕೂಡಲೇ ಉರಿ. ಬೆಳಗಾಗುವಷ್ಟರಲ್ಲಿ ರೆಪ್ಪೆ ಊದಿ ಕಣ್ಣು ಬಿಡಲಿಕ್ಕೇ ಆಗಲಿಲ್ಲ. ಡಾಕ್ಟರು ಸಲೈನ್‌ನಿಂದ ಕಣ್ಣು ತೊಳೆದು, ಮೊದಲು ಆ ಬಾಟಲಿ ಎಸೆಯಿರಿ ಎಂದರು.

ಆ ಬಾಟಲಿಯ ಹಿಂಬದಿಯಲ್ಲಿ ಬರೆದದ್ದು ಇಷ್ಟು: ನೀರು, ಸುಗಂಧ, ಪಾಲಿಸಾರ್ಬೇಟ್ 20, ಫಿನಾಕ್ಸಿಎಥನಾಲ್, ಬಣ್ಣ. ಗುಲಾಬಿಯ ಹೆಸರೇ ಇಲ್ಲ! ಕೃತಕ ಸೆಂಟು ನೀರಿನಲ್ಲಿ ತಾನಾಗಿ ಬೆರೆಯುವುದಿಲ್ಲ, ಬೆರೆಸಲು ಪಾಲಿಸಾರ್ಬೇಟ್ ಬೇಕು, ಕೆಡದಿರಲು ಫಿನಾಕ್ಸಿಎಥನಾಲ್. ಕೆಳಗೆ ಸಣ್ಣ ಅಕ್ಷರದಲ್ಲಿ ‘ಹೊರ ಬಳಕೆಗೆ ಮಾತ್ರ’ ಎಂದೂ ಇತ್ತು.

ಅಸಲಿ ಪನ್ನೀರು ಭಟ್ಟಿ ಇಳಿಸಿದ್ದು. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜ್‌ನಲ್ಲಿ ತಾಮ್ರದ ಹಂಡೆಗೆ ಡಮಾಸ್ಕ್ ಗುಲಾಬಿಯ ಎಸಳು ಮತ್ತು ನೀರು ತುಂಬಿ, ಮುಚ್ಚಳದ ಸುತ್ತ ಜೇಡಿಮಣ್ಣು ಮೆತ್ತಿ ಕಾಯಿಸುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರಿನಲ್ಲಿಟ್ಟ ಪಾತ್ರೆಯಲ್ಲಿ ಇಳಿಯುತ್ತದೆ. ಗುಲಾಬಿಯ ಪರಿಮಳದಲ್ಲಿರುವ ಫಿನೈಲ್‌ಎಥೈಲ್ ಆಲ್ಕೋಹಾಲ್ ನೀರಿನಲ್ಲಿ ಕರಗುವಂಥದ್ದು. ಅದರ ಹೆಚ್ಚಿನ ಪಾಲು ಪನ್ನೀರಿನಲ್ಲೇ ಉಳಿಯುತ್ತದೆ, ಭಟ್ಟಿಯಲ್ಲಿ ಬೇರ್ಪಡುವ ಗುಲಾಬಿ ಎಣ್ಣೆಗೆ ಹೋಗುವುದು ಕಡಿಮೆ. ಎಸಳಿನ ಬಣ್ಣ ಮಾತ್ರ ಆವಿಯ ಜೊತೆ ಏರುವುದಿಲ್ಲ. ಹಾಗಾಗಿ ನಸುಗೆಂಪು ಪನ್ನೀರು ಕಂಡರೆ ಅನುಮಾನಿಸಿ. ಬಾಟಲಿ ಕುಲುಕಿದಾಗ ಎದ್ದ ನೊರೆ ಇಳಿಯದೆ ನಿಂತರೂ ಅಷ್ಟೇ, ಪಾಲಿಸಾರ್ಬೇಟ್‌ನಂಥದ್ದು ಬೆರೆತಿರಬಹುದು. ಇನ್ನು ಫ್ಯಾನ್ಸಿ ಅಂಗಡಿಗಳಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ 10 ಮಿಲೀ ‘ಶುದ್ಧ ಗುಲಾಬಿ ಎಣ್ಣೆ’ಯನ್ನು ನಂಬಲೇಬೇಡಿ. ಒಂದು ಕಿಲೋ ಎಣ್ಣೆಗೆ ಮೂರರಿಂದ ಐದು ಸಾವಿರ ಕಿಲೋ ಎಸಳು ಬೇಕು. 10 ಮಿಲೀ ಎಂದರೂ ಇಪ್ಪತ್ತೈದು ಕಿಲೋಗೆ ಕಡಿಮೆಯಿಲ್ಲ.

ಯುನಾನಿ ಹಕೀಮರು ಕಣ್ಣಿನ ಮದ್ದಿಗೆ ಪನ್ನೀರು ಬಳಸುತ್ತಿದ್ದುದು ನಿಜ. ಆದರೂ ಅಸಲಿ ಪನ್ನೀರನ್ನೂ ಕಣ್ಣಿಗೆ ಬಿಡಬೇಡಿ. ಅದು ಸ್ಟೆರೈಲ್ ಅಲ್ಲ, ಅಂದರೆ ಪೂರ್ತಿ ಕ್ರಿಮಿರಹಿತವಲ್ಲ. ತೆರೆದ ಬಾಟಲಿ ನಮ್ಮೂರ ಸೆಕೆಯಲ್ಲಿ ಹೊರಗಿದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಕೆಲವೊಮ್ಮೆ ತಳದಲ್ಲಿ ಬಿಳಿ ಎಳೆಗಳು ತೇಲುವುದು ಕಣ್ಣಿಗೇ ಕಾಣುತ್ತದೆ. ನಂದಿಬಟ್ಟಲು ಹೂ ನೆನೆಸಿದ ನೀರಿಗೂ ಇದೇ ಮಾತು.

ಕೆಂಗಣ್ಣಾದರೆ ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಪಿಸುರು ಒರೆಸಿ, ಒಂದೊಂದು ಕಣ್ಣಿಗೂ ಬೇರೆ ಹತ್ತಿ. ಟವೆಲು, ದಿಂಬು ಬೇರೆ ಮಾಡಿ. ಕಣ್ಣು ನೋಯುತ್ತಿದ್ದರೆ, ಬೆಳಕು ಚುಚ್ಚಿದರೆ, ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.