ಇಲ್ಲದ ಐದು ಪಂಕ್ಚರ್‌ಗಳಿಗೆ 1,750 ರೂಪಾಯಿ: ಹೆದ್ದಾರಿಯಲ್ಲಿ ಟೈರು ತೋರಿಸುವವರ ಗಮನಕ್ಕೆ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಇಪ್ಪತ್ತು ವರ್ಷಗಳಿಂದ ಕಾರು ಓಡಿಸುತ್ತಿರುವ, ಸ್ಟೆಪ್ನಿಯನ್ನು ನಾನೇ ಬದಲಿಸಿಕೊಳ್ಳುತ್ತೇನೆಂದು ನಾಲ್ವರೆದುರು ಹೇಳಿಕೊಳ್ಳುವ ನಾನು, ಹೆದ್ದಾರಿ ಬದಿಯ ಒಂದು ಪಂಕ್ಚರ್ ಅಂಗಡಿಯಲ್ಲಿ ಇಲ್ಲದ ಐದು ಪಂಕ್ಚರ್‌ಗಳಿಗೆ 1,750 ರೂಪಾಯಿ ತೆತ್ತು, ಸಾಲದೆಂಬಂತೆ ಕೆಲಸದ ಹುಡುಗನ ಕೈಗೆ ಐವತ್ತು ರೂಪಾಯಿ ಇಟ್ಟು, ಧನ್ಯವಾದ ಹೇಳಿ ಬಂದಿದ್ದೇನೆ. ಹೋದ ಹಣಕ್ಕಿಂತ ಆ ಧನ್ಯವಾದವೇ ಹೆಚ್ಚು ಚುಚ್ಚುತ್ತಿದೆ.

ಟ್ಯೂಬ್‌ಲೆಸ್ ಟೈರಿನಲ್ಲಿ ತಿಂಗಳಿಗೆ ಒಂದೆರಡು ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತಾನಾಗಿ ಇಳಿಯುವುದು ಸಹಜ. ನನ್ನ ಕಾರಿನ ಎಡಹಿಂದಿನ ಟೈರಿನಲ್ಲಿ ಮಾತ್ರ 33ಕ್ಕೆ ತುಂಬಿಸಿದ ಗಾಳಿ ವಾರ ತುಂಬುವಷ್ಟರಲ್ಲಿ 27ಕ್ಕೆ ಇಳಿಯುತ್ತಿತ್ತು. ಮೊಳೆಯೇನೂ ಕಣ್ಣಿಗೆ ಬೀಳಲಿಲ್ಲವಾದ್ದರಿಂದ ಪ್ರತಿ ಭಾನುವಾರ ಬಂಕಿನಲ್ಲಿ ಗಾಳಿ ತುಂಬಿಸಿಕೊಂಡು ಒಂದು ತಿಂಗಳು ತಳ್ಳಿದೆ. ಹಾಸನದಲ್ಲಿ ಒಂದು ಮದುವೆಗೆಂದು ಹೊರಟ ದಿನ, ಕುಣಿಗಲ್ ದಾಟಿದ ಮೇಲೆ ಮನಸ್ಸು ತಡೆಯದೆ ಒಂದು ಅಂಗಡಿಯೆದುರು ಕಾರು ನಿಲ್ಲಿಸಿದೆ. ಗಾಳಿ ನಿಧಾನವಾಗಿ ಇಳಿಯುತ್ತಿದೆ, ಎಲ್ಲಿಂದ ಎಂದು ತಿಳಿಯುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದವನೂ ನಾನೇ.

ಅಂಗಡಿಯವನು ಬಹಳ ವಿನಯದಿಂದ, "ಬಿಸಿಲಲ್ಲಿ ಯಾಕೆ ನಿಂತ್ಕೊಂಡಿದೀರಾ ಸಾರ್, ಪಕ್ಕದಲ್ಲೇ ಟೀ ಐತೆ, ಕುಡ್ಕೊಂಡ್ ಬನ್ನಿ, ಅಷ್ಟರಲ್ಲಿ ನೋಡಿರ್ತೀವಿ" ಎಂದ. ನಾನು ಹೋದೆ. ಟೀ ಕುಡಿಯಲು ಹೋದೆ! ಹತ್ತು ನಿಮಿಷ ಬಿಟ್ಟು ಬಂದಾಗ ಚಕ್ರ ಕಳಚಿ ನೆಲದ ಮೇಲಿತ್ತು, ಟೈರಿನ ಮೇಲೆ ಸೀಮೆಸುಣ್ಣದ ಐದು ಸುತ್ತುಗಳಿದ್ದವು. ಹುಡುಗ ಸೋಪಿನ ನೀರು ಚಿಮುಕಿಸಿದ ಕೂಡಲೇ ಐದೂ ಕಡೆ ಬುಸಬುಸನೆ ಗುಳ್ಳೆ ಎದ್ದಿತು. "ನಮ್ ಮಾತು ನಂಬ್ಬೇಡಿ ಸಾರ್, ನೀವೇ ಕಣ್ಣಾರೆ ನೋಡಿ" ಎಂದ. ನೋಡಿದೆ, ಅದಕ್ಕೇ ನಂಬಿದೆ.

ಮೊಳೆಗಳೆಲ್ಲಿ ಎಂದು ಕೇಳಿದ್ದಕ್ಕೆ, "ಓಡ್ತಾ ಓಡ್ತಾ ಉದುರೋಗ್ತವೆ ಸಾರ್" ಎಂಬ ಉತ್ತರ ಬಂತು. "ಐದೂ ಉದುರಿಹೋದವಾ?" ಎಂದು ನನ್ನ ಹೆಂಡತಿ ಕಾರಿನೊಳಗಿಂದಲೇ ಕೇಳಿದಳು. ನಿನಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ. ಮುಚ್ಚಬೇಕಾಗಿದ್ದ ಬಾಯಿ ಯಾವುದೆಂದು ಈಗ ತಿಳಿದಿದೆ. ಹೊರಗಿನಿಂದ ತೂತಿಗೆ ರಬ್ಬರಿನ ಬತ್ತಿ ಹಾಕಿದರೆ ನಿಲ್ಲುವುದಿಲ್ಲ, ಫ್ಯಾಮಿಲಿ ಜೊತೆಯಲ್ಲಿದೆ, ಒಳಗಿನಿಂದ ಅಣಬೆಯಾಕಾರದ ಮಶ್ರೂಮ್ ಪ್ಯಾಚೇ ಹಾಕಿಸಿ ಎಂದು ಅವನು ಹೆದರಿಸಿದ, ಒಂದಕ್ಕೆ 350 ರೂಪಾಯಿಯಂತೆ ನಾನು ಒಪ್ಪಿದೆ.

ಲೆಕ್ಕ ಹಾಕಿದ್ದರೆ ಅಲ್ಲಿಯೇ ಮೋಸ ಹೊಳೆಯಬೇಕಿತ್ತು. ಮೊಳೆ ಟೈರಿನಲ್ಲಿಯೇ ನೆಟ್ಟುಕೊಂಡಿದ್ದರೆ ತೂತು ಅದರಿಂದಲೇ ಮುಚ್ಚಿದಂತಿದ್ದು ಗಾಳಿ ಸಣ್ಣಗೆ ಸೋರುತ್ತದೆ. ಮೊಳೆಯಿಲ್ಲದ, ಗುಳ್ಳೆ ಎಬ್ಬಿಸುವ ಐದು ತೂತುಗಳಿದ್ದ ಟೈರು ವಾರಕ್ಕೆ ಬರೀ 6 ಪಿಎಸ್‌ಐ ಕಳೆದುಕೊಂಡು ಸುಮ್ಮನಿರುವುದುಂಟೇ? ಬೆಳಗಾಗುವಷ್ಟರಲ್ಲಿ ನೆಲಕ್ಕೆ ಕೂರಬೇಕಿತ್ತು. ಬೆಂಗಳೂರಿನಿಂದ ಕುಣಿಗಲ್‌ವರೆಗೆ ಅದೇ ಟೈರಿನ ಮೇಲೆ ಬಂದವನಿಗೆ ಇಷ್ಟೂ ಹೊಳೆಯಲಿಲ್ಲ.

ಮರುಭಾನುವಾರ ಬಂಕಿನಲ್ಲಿ ನೋಡಿದರೆ ಮತ್ತೆ 27. ಅದೇ 27!

ನಮ್ಮ ಬಡಾವಣೆಯ ವಯಸ್ಸಾದ ಟೈರಿನವರೊಬ್ಬರು ಏನನ್ನೂ ಕೇಳದೆ ಚಕ್ರವನ್ನು ಇಡಿಯಾಗಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ವಾಲ್ವಿನ ಬುಡದಿಂದ, ರಬ್ಬರು ರಿಮ್ಮನ್ನು ಸೇರುವ ಜಾಗದಿಂದ, ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಮೇಲೇಳತೊಡಗಿದವು. ಅವರು ವಾಲ್ವನ್ನು ಬೆರಳಿನಿಂದ ಪಕ್ಕಕ್ಕೆ ಬಾಗಿಸಿದಾಗ ರಬ್ಬರಿನ ಬಿರುಕು ಬಾಯಿಬಿಟ್ಟಿತು. ಹೊಸ ವಾಲ್ವು, ಟೈರು ಬಿಚ್ಚಿ ಹಾಕುವ ಕೂಲಿ ಎಲ್ಲ ಸೇರಿ 200 ರೂಪಾಯಿಯಾಯಿತು. ಹೆದ್ದಾರಿಯವನು ವಾಲ್ವಿನ ಮುಚ್ಚಳವನ್ನಾದರೂ ತೆಗೆದು ಒಂದು ಹನಿ ನೀರು ಹಾಕಿದ್ದನೋ ಇಲ್ಲವೋ, ನಾನು ಟೀ ಕುಡಿಯುತ್ತಿದ್ದೆನಲ್ಲ.

ಟೈರು ಬಿಚ್ಚಿದಾಗ ಅವರು ಒಳಗಿನ ಐದು ಪ್ಯಾಚುಗಳನ್ನು ತೋರಿಸಿದರು. ಐದೂ ಒಂದೇ ಗಾತ್ರದವು, ಐದೂ ರಬ್ಬರು ತೆಳುವಾಗಿರುವ, ಟೈರಿನ ಮೇಲ್ಮೈಯ ಬಟನ್‌ಗಳ ನಡುವಿನ ಸಂದಿನಲ್ಲಿಯೇ ಇದ್ದವು, ಐದೂ ಎರಡು ಗೇಣಿನೊಳಗೆ ಸಾಲಾಗಿ ಕೂತಿದ್ದವು. "ಮೊಳೆ ಹಿಂಗೆ ಅಳತೆ ಇಟ್ಕೊಂಡು ಚುಚ್ಚಲ್ಲ ಸ್ವಾಮಿ, ದಬ್ಬಳ ಚುಚ್ಚುತ್ತೆ" ಎಂದರು. ಸಂದಿನಲ್ಲಿ ಸಿಕ್ಕ ಕಲ್ಲು ತೆಗೆಯುವ ನೆಪದಲ್ಲಿ ಮೊನೆಯಿರುವ ಸಲಕರಣೆ ಒತ್ತಿದರೆ ಸಾಕಂತೆ.

ಹಣ ಕಳುಹಿಸಿದ್ದ ಸಂಖ್ಯೆಗೆ ಅಂದೇ ಕರೆ ಮಾಡಿದೆ. ಮೊದಲು "ಯಾವ ಗಾಡಿ ಸಾರ್, ದಿನಾ ಎಷ್ಟೋ ಬರ್ತವೆ" ಎಂದ. ಗುರುತು ಹೇಳಿದ ಮೇಲೆ, "ನಿಮ್ ಟೈರೇ ಹಳೇದು, ನಾಲ್ಕೂ ಚೇಂಜ್ ಮಾಡ್ಸಿ" ಎಂದ. ಟೈರಿನ ಪಕ್ಕದಲ್ಲಿ 1123 ಎಂದು ಅಚ್ಚಾಗಿದೆ, ಎಂದರೆ 2023ರ ಹನ್ನೊಂದನೆಯ ವಾರದ್ದು ಎಂದು ನಾನು ಓದಿ ಹೇಳಿದೆ. ಆಗ ಅವನು ಆಡಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಸಾರ್, ನಾವ್ ಹಾಕಿದ್ ಐದು ಪ್ಯಾಚಲ್ಲಿ ಒಂದಾದ್ರೂ ಲೀಕ್ ಆಗ್ತೈತಾ? ಅದನ್ ಹೇಳಿ." ಆಗುತ್ತಿರಲಿಲ್ಲ. ಒಂದೂ ಆಗುತ್ತಿರಲಿಲ್ಲ! ನಾನು ಉತ್ತರ ಹುಡುಕುವಷ್ಟರಲ್ಲಿ ಅವನು ಕರೆ ಕತ್ತರಿಸಿದ, ಆಮೇಲೆ ಎತ್ತಲೇ ಇಲ್ಲ.

ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ಮೊದಲು ನೀವೇ ಮನೆಯಲ್ಲಿ ವಾಲ್ವಿನ ತುದಿಗೂ ಬುಡಕ್ಕೂ ಸೋಪಿನ ನೀರು ಹಾಕಿ ನೋಡಿ, ಆಮೇಲೆ ರಿಮ್ಮಿನ ಅಂಚಿಗೆ ಹಾಕಿ. ಅಂಗಡಿಗೆ ಹೋಗಲೇಬೇಕಾದರೆ ನೀರಿನ ತೊಟ್ಟಿ ಇರುವಲ್ಲಿಗೆ ಹೋಗಿ. ಮೊಳೆ ತೋರಿಸದವನಿಗೆ ಪ್ಯಾಚಿನ ಹಣ ಕೊಡಬೇಡಿ. ಟೀ ಬೇಕೆನಿಸಿದರೆ ಲೋಟವನ್ನು ಚಕ್ರದ ಪಕ್ಕಕ್ಕೇ ತರಿಸಿಕೊಂಡು ಅಲ್ಲೇ ನಿಂತು ಕುಡಿಯಿರಿ.